ಚಂದಾ ಕಟ್ಟಬೇಕಾ, ಬಿಡಬೇಕಾ? ವಿನ್ಯಾಸ, ಫೋಟೋ, ವಿಡಿಯೋ ಸಾಫ್ಟ್‌ವೇರ್ ಆರಿಸುವ ಮುಂಚೆ

ಒಂದು ಅಂಕಿ ಬದಲಾಯಿಸಬೇಕಿತ್ತು. ಅಷ್ಟೇ.

ಎರಡು ವರ್ಷದ ಹಿಂದೆ ನಾನು ಮಾಡಿಕೊಟ್ಟಿದ್ದ ಒಂದು ಪುಟ್ಟ ಕೈಪಿಡಿ ಮತ್ತೆ ಅಚ್ಚಿಗೆ ಹೋಗುವುದಿತ್ತು. ಕೊನೆಯ ಪುಟದ ಫೋನ್ ನಂಬರಿನಲ್ಲಿ ಒಂದು ಅಂಕಿ ಬೇರೆಯಾಗಿತ್ತು. ಫೈಲ್ ನನ್ನ ಹಾರ್ಡ್ ಡಿಸ್ಕಿನಲ್ಲೇ ಇತ್ತು. ಕ್ಲಿಕ್ ಮಾಡಿದೆ. ಸಾಫ್ಟ್‌ವೇರಿನ ಲೋಗೋ ಮೂಡಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಒಂದು ಬಿಳಿ ಚೌಕ ಬಂತು: ನಿಮ್ಮ ಚಂದಾ ಮುಗಿದಿದೆ. ಕೆಳಗೆ ಎರಡೇ ಬಟನ್. ಒಂದು ಹಣ ಕಟ್ಟುವುದಕ್ಕೆ, ಇನ್ನೊಂದು ಮುಚ್ಚುವುದಕ್ಕೆ. ನಾನೇ ಜೋಡಿಸಿದ ಪುಟ, ನನ್ನದೇ ಕಂಪ್ಯೂಟರ್. ಸುಮ್ನೆ ತೆರೆದು ನೋಡುವುದಕ್ಕೂ ಬಿಡಲಿಲ್ಲ. ಆ ಒಂದು ಅಂಕಿಗೆ ಒಂದು ತಿಂಗಳ ಚಂದಾ ಕಟ್ಟಿದೆ.

ಮೊದಲೆಲ್ಲ ಸಾಫ್ಟ್‌ವೇರ್ ಆರಿಸುವಾಗ ‘ತಿಂಗಳಿಗೆ ಎಷ್ಟು?’ ಎಂದು ಕೇಳುತ್ತಿದ್ದೆ. ಈಗ ಬೇರೆ ಪ್ರಶ್ನೆ ಕೇಳುತ್ತೇನೆ. ಹಣ ಕಟ್ಟುವುದು ನಿಲ್ಲಿಸಿದ ಮರುದಿನ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಕೆಳಗಿನ ಎಲ್ಲ ಆಯ್ಕೆಗಳನ್ನೂ ಇದೇ ಅಳತೆಗೋಲಿನಲ್ಲಿ ಅಳೆದಿದ್ದೇನೆ.

ಸಿಟ್ಟು ಬಂದದ್ದು ಬೆಲೆಗೆ ಮಾತ್ರವಲ್ಲ

2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ ಫೋಟೋಶಾಪ್ ಥರದ ಸಾಫ್ಟ್‌ವೇರುಗಳ ತನ್ನ ಕಟ್ಟು ಕ್ರಿಯೇಟಿವ್ ಸೂಟ್‌ಗೆ (ಸಿಎಸ್) ಇನ್ನು ಹೊಸ ಆವೃತ್ತಿ ಬರುವುದಿಲ್ಲ, ಹೊಸದೆಲ್ಲ ಕ್ರಿಯೇಟಿವ್ ಕ್ಲೌಡ್ ಚಂದಾದಾರರಿಗೆ ಮಾತ್ರ ಎಂದು ಹೇಳಿತು. 2012ರಲ್ಲಿ ಬಂದಿದ್ದ ಸಿಎಸ್6 ಕೊನೆಯದಾಯಿತು. ವಿರೋಧದ ಅರ್ಜಿಗೆ ಸಾವಿರಾರು ಜನ ಸಹಿ ಹಾಕಿದರು. ಕಂಪನಿ ಹಿಂದೆ ಸರಿಯಲಿಲ್ಲ.

ಲೆಕ್ಕವನ್ನು ಪ್ರಾಮಾಣಿಕವಾಗಿಯೇ ಹಾಕೋಣ. ಅಮೆರಿಕದಲ್ಲಿ ಫೋಟೋಶಾಪ್ ಸಿಎಸ್6ಗೆ 699 ಡಾಲರ್ ಇತ್ತು. ಆಮೇಲೆ ಬಂದ ಫೋಟೋಗ್ರಾಫರ್‌ಗಳ ಚಂದಾ ತಿಂಗಳಿಗೆ 9.99 ಡಾಲರ್, ಅದರಲ್ಲಿ ಫೋಟೋ ಜೋಡಿಸಿ ತಿದ್ದುವ ಲೈಟ್‌ರೂಮ್ ಕೂಡ ಸೇರಿತ್ತು. 699 ಡಾಲರ್‌ಗೆ ಹತ್ತಿರ ಹತ್ತಿರ ಆರು ವರ್ಷದ ಚಂದಾ ಕಟ್ಟಬಹುದಿತ್ತು. ಎಲ್ಲ ಸಾಫ್ಟ್‌ವೇರ್ ಸೇರಿದ ಮಾಸ್ಟರ್ ಕಲೆಕ್ಷನ್ 2,599 ಡಾಲರ್. ಚಂದಾ ತಿಂಗಳಿಗೆ 49.99. ಅಂದರೆ ನಾಲ್ಕು ವರ್ಷ ಮೀರಿದ ಮೇಲೆಯೇ ಚಂದಾ ದುಬಾರಿಯಾಗುತ್ತಿತ್ತು. ಹೊಸದಾಗಿ ಕೆಲಸ ಶುರು ಮಾಡುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಅದನ್ನು ಅಲ್ಲಗಳೆಯಬಾರದು.

ಏಟು ಬಿದ್ದದ್ದು ಇನ್ನೊಂದು ಥರದ ಬಳಕೆದಾರರಿಗೆ. ಒಮ್ಮೆ ಕೊಂಡು, ಮೂರ್ನಾಲ್ಕು ವರ್ಷಕ್ಕೊಮ್ಮೆ 199 ಡಾಲರ್ ಕೊಟ್ಟು ಅಪ್‌ಗ್ರೇಡ್ ಮಾಡಿಕೊಳ್ಳುತ್ತಿದ್ದವರಿಗೆ. ಅವರಿಗೆ ವರ್ಷಕ್ಕೆ 50ರಿಂದ 70 ಡಾಲರ್ ಬೀಳುತ್ತಿತ್ತು, ಅಷ್ಟೇ. ಅದಕ್ಕಿಂತ ಮುಖ್ಯವಾಗಿ, ಹೊಸ ಆವೃತ್ತಿಯಲ್ಲಿ ಅಂಥದ್ದೇನೂ ಇಲ್ಲ ಅನ್ನಿಸಿದರೆ ಕೊಳ್ಳದೆ ಸುಮ್ಮನಿರಬಹುದಿತ್ತು. ಹಳೆಯದು ಓಡುತ್ತಿತ್ತು. ಆಗ ಗ್ರಾಹಕರನ್ನು ಒಲಿಸಿಕೊಳ್ಳುವ ಹೊಣೆ ಕಂಪನಿಯ ಮೇಲಿತ್ತು. ಚಂದಾ ಬಂದ ಮೇಲೆ ಮೂಗುದಾರ ಕಂಪನಿಯ ಕೈಗೆ ಹೋಯಿತು. ಕಂತು ಆದರೆ ಒಂದು ದಿನ ತೀರುತ್ತದೆ, ತೀರಿದ ದಿನ ವಸ್ತು ನಮ್ಮದಾಗುತ್ತದೆ. ಚಂದಾ ತೀರುವುದೇ ಇಲ್ಲ.

ಬೆಲೆಯೂ ನಿಂತಲ್ಲಿ ನಿಲ್ಲಲಿಲ್ಲ. 49.99ಕ್ಕೆ ಶುರುವಾದ ಪೂರ್ತಿ ಪ್ಯಾಕೇಜ್ 2025ರಲ್ಲಿ ಉತ್ತರ ಅಮೆರಿಕದಲ್ಲಿ 69.99 ಡಾಲರ್ ಆಯಿತು. 9.99ರ ಫೋಟೋ ಚಂದಾ 2025ರ ಜನವರಿಯಿಂದ ಹೊಸ ಗ್ರಾಹಕರಿಗೆ ಸಿಗುತ್ತಿಲ್ಲ.

ಚಂದಾದಲ್ಲೇ ಉಳಿಯುವುದು ಯಾರಿಗೆ ಸರಿ

ತಂಡದಲ್ಲಿ ಕೆಲಸ ಮಾಡುವವರಿಗೆ. ಏಜೆನ್ಸಿ, ಪತ್ರಿಕೆ, ಸ್ಟುಡಿಯೋ ಇವುಗಳ ಜೊತೆ ದಿನಾ ಫೈಲ್ ಅತ್ತಿತ್ತ ಹೋಗುತ್ತಿದ್ದರೆ ಎಲ್ಲರೂ ಒಂದೇ ಸಾಫ್ಟ್‌ವೇರಿನಲ್ಲಿ ಇರುವುದೇ ಲೇಸು. ಒಬ್ಬರ ಫೈಲ್ ಇನ್ನೊಬ್ಬರಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾಗಿ ತೆರೆದುಕೊಂಡರೂ ಅರ್ಧ ದಿನ ಹಾಳು. ವಿಡಿಯೋಗೆ ಎಫೆಕ್ಟ್, ಆನಿಮೇಷನ್ ಸೇರಿಸುವ ಆಫ್ಟರ್ ಇಫೆಕ್ಟ್ಸ್ ಮೇಲೆ ಅನ್ನ ಸಂಪಾದಿಸುವವರಿಗೆ ಅದಕ್ಕೆ ಸರಿಸಾಟಿಯಾದ, ಅದೇ ಫೈಲ್ ತೆರೆಯುವ ಇನ್ನೊಂದು ಸಾಫ್ಟ್‌ವೇರ್ ಇವತ್ತಿಗೂ ಇಲ್ಲ. ಎರಡು ತಿಂಗಳ ಪ್ರಾಜೆಕ್ಟ್ ಇದೆ, ಆಮೇಲೆ ಬೇಡ ಅನ್ನುವವರಿಗೂ ಚಂದಾ ಅಗ್ಗವೇ.

ಆದರೆ ಸೇರುವ ಮುಂಚೆ ಒಂದು ಸಾಲನ್ನು ಕಣ್ಣಿಟ್ಟು ಓದಿ. ಚಂದಾದಲ್ಲಿ ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ. ವರ್ಷಕ್ಕೆ ಒಟ್ಟಿಗೆ ಕಟ್ಟುವುದು, ನಿಜವಾದ ತಿಂಗಳ ಲೆಕ್ಕ, ಮತ್ತು ಇವೆರಡರ ನಡುವೆ ‘ವಾರ್ಷಿಕ, ತಿಂಗಳಿಗೊಮ್ಮೆ ಪಾವತಿ’. ಈ ನಡುವಿನದೇ ಜನರ ಕೈ ಸುಡುವುದು. ತಿಂಗಳಿಗೊಮ್ಮೆ ದುಡ್ಡು ಹೋಗುವುದರಿಂದ ಯಾವಾಗ ಬೇಕಾದರೂ ಬಿಡಬಹುದು ಅನ್ನಿಸುತ್ತದೆ. ನೀವು ಒಪ್ಪಿಕೊಂಡಿರುವುದು ಮಾತ್ರ ಪೂರ್ತಿ ವರ್ಷಕ್ಕೆ. ಅಡೋಬಿಯ ಈ ಯೋಜನೆಯಲ್ಲಿ ಮೊದಲ 14 ದಿನ ದಾಟಿದ ಮೇಲೆ ರದ್ದು ಮಾಡಿದರೆ ಉಳಿದ ತಿಂಗಳುಗಳ ಹಣದಲ್ಲಿ ಅರ್ಧ ದಂಡ ಎಂಬ ನಿಯಮ ಇತ್ತು. ನಾಲ್ಕು ತಿಂಗಳು ಬಳಸಿ ಬಿಟ್ಟರೆ, ಬಾಕಿ ಎಂಟು. ಅದರಲ್ಲಿ ಅರ್ಧ, ಅಂದರೆ ಇನ್ನೂ ನಾಲ್ಕು ತಿಂಗಳ ದುಡ್ಡು ಸುಮ್ಮನೆ ಹೋಯಿತು. ಈ ದಂಡವನ್ನು ಗ್ರಾಹಕರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದಾರೆ, ರದ್ದು ಮಾಡುವುದನ್ನೂ ಬೇಕಂತಲೇ ಕಷ್ಟ ಮಾಡಿದ್ದಾರೆ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಕೋರ್ಟಿಗೆ ಹೋಯಿತು. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ಯಾವ ಕಂಪನಿಯ ಚಂದಾ ಆದರೂ ಸರಿ, ಪಾವತಿಯ ಪುಟದಲ್ಲಿ ‘ವಾರ್ಷಿಕ’ ಎಂಬ ಪದ ಎಲ್ಲಾದರೂ ಇದೆಯಾ ಅಂತ ಹುಡುಕಿ, ಆಮೇಲೆ ಕಾರ್ಡ್ ನಂಬರ್ ಹಾಕಿ.

ಬಿಟ್ಟ ಮರುದಿನ ಏನಾಗುತ್ತದೆ? ಎಲ್ಲದರಲ್ಲೂ ಒಂದೇ ಥರ ಇಲ್ಲ. ಲೈಟ್‌ರೂಮ್ ಕ್ಲಾಸಿಕ್ ಸ್ವಲ್ಪ ಉದಾರಿ. ಚಂದಾ ಮುಗಿದರೂ ತೆರೆಯುತ್ತದೆ. ಫೋಟೋ ಹುಡುಕಬಹುದು, ಹೊರಗೆ ತೆಗೆಯಬಹುದು. ತಿದ್ದುವ ಡೆವಲಪ್ ಭಾಗ ಮತ್ತು ಮ್ಯಾಪ್ ಭಾಗಕ್ಕೆ ಬೀಗ ಬೀಳುತ್ತದೆ. ಫೋಟೋಶಾಪ್, ಪುಟ ವಿನ್ಯಾಸದ ಇನ್‌ಡಿಸೈನ್ ಅಷ್ಟೂ ಕೊಡುವುದಿಲ್ಲ. ಚಂದಾ ಮೂಲಕ ಬಳಸುತ್ತಿದ್ದ ಅಕ್ಷರಶೈಲಿಗಳೂ ಅದರ ಜೊತೆಗೇ ಹೋಗುತ್ತವೆ. ಇದು ಎಷ್ಟೋ ಜನರಿಗೆ ಫೈಲ್ ಇನ್ನೊಂದು ಕಡೆ ತೆರೆದಾಗಲೇ ಗೊತ್ತಾಗುವುದು.

ಇನ್ನು ಬಣ್ಣದ ಕಥೆ. 2022ರ ಕೊನೆಯಲ್ಲಿ ಹಳೆಯ ಫೋಟೋಶಾಪ್ ಫೈಲ್ ತೆರೆದ ಕೆಲವರಿಗೆ ಪ್ಯಾಂಟೋನ್ ಬಣ್ಣ (ಅಚ್ಚಿನವರು ನಂಬರ್ ಹೇಳಿ ಆರಿಸುವ, ಪ್ಯಾಂಟೋನ್ ಕಂಪನಿಯ ಬಣ್ಣ) ಇದ್ದ ಜಾಗವೆಲ್ಲ ಕಪ್ಪಾಗಿ ಕಂಡಿತು. ಲೋಗೋದ ಕೆಂಪು ಇದ್ದಲ್ಲಿ ಕಪ್ಪು, ಪ್ಯಾಕೆಟ್ಟಿನ ನೀಲಿ ಇದ್ದಲ್ಲಿ ಕಪ್ಪು. ಅಡೋಬಿ ಮತ್ತು ಪ್ಯಾಂಟೋನ್ ನಡುವಿನ ಒಪ್ಪಂದ ಬದಲಾಗಿತ್ತು. ಆ ಬಣ್ಣಗಳು ಬೇಕಿದ್ದರೆ ಪ್ಯಾಂಟೋನ್‌ಗೆ ಬೇರೆಯಾಗಿ ಚಂದಾ ಕಟ್ಟಬೇಕಿತ್ತು. ಒಂದು ಚಂದಾ ಕಟ್ಟುತ್ತಲೇ ಇದ್ದವರಿಗೆ ಆದದ್ದು ಇದು. ವರ್ಷಗಳ ಹಿಂದೆ ಮುಗಿಸಿಕೊಟ್ಟ ಕೆಲಸಕ್ಕೆ, ತಮಗೆ ಸಂಬಂಧವೇ ಇಲ್ಲದ ಇಬ್ಬರ ಒಪ್ಪಂದದಿಂದ ಹೀಗಾಗುತ್ತದೆ ಅಂದರೆ ಹೊಟ್ಟೆ ಉರಿಯುವುದಿಲ್ವಾ?

ಒಮ್ಮೆ ಕೊಂಡರೆ ಮುಗಿಯಿತಾ

ನನಗೆ ಇಷ್ಟವಾದ ದಾರಿ ಇದೇ. ಆದರೆ ‘ಒಮ್ಮೆ ಕೊಳ್ಳಿ’ ಎನ್ನುವ ಮಾತಿನಲ್ಲೂ ಹಲವು ಅರ್ಥ ಇದೆ.

ಒಳ್ಳೆಯ ಉದಾಹರಣೆಗಳಿಂದ ಶುರು ಮಾಡುತ್ತೇನೆ. ಆಪಲ್‌ನ ವಿಡಿಯೋ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ 2011ರಲ್ಲಿ ಹೊಸ ರೂಪದಲ್ಲಿ 299.99 ಡಾಲರ್‌ಗೆ ಬಂತು. ಅವತ್ತು ಕೊಂಡವರಿಗೆ 2024ರಲ್ಲಿ ಬಂದ 11ನೇ ಆವೃತ್ತಿ ಕೂಡ ಪುಕ್ಕಟೆ ಸಿಕ್ಕಿತು. (ಐಪ್ಯಾಡ್‌ನ ಫೈನಲ್ ಕಟ್ ಬೇರೆ. ಅದು 2023ರಲ್ಲಿ ಬಂದದ್ದೇ ಚಂದಾ ರೂಪದಲ್ಲಿ.) ಇನ್ನೊಂದು ವಿಡಿಯೋ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಹಣ ಕೊಡುವ ಆವೃತ್ತಿ ಸ್ಟುಡಿಯೋ 295 ಡಾಲರ್‌ಗೆ ಸಿಗುತ್ತಿತ್ತು. ಒಮ್ಮೆ ಕೊಂಡವರು ವರ್ಷಗಳಿಂದ ಅಪ್‌ಡೇಟ್‌ಗೆ ಮತ್ತೆ ಹಣ ಕೊಟ್ಟಿಲ್ಲ. ಐಪ್ಯಾಡ್‌ನಲ್ಲಿ ಚಿತ್ರ ಬಿಡಿಸುವವರ ಪ್ರೊಕ್ರಿಯೇಟ್ ಕೂಡ ಇದೇ ಜಾತಿಗೆ ಸೇರಿದ್ದು. ಧ್ವನಿ ಕೆಲಸಕ್ಕೆ ರೀಪರ್ ಇದೆ. ಅದರ ಲೈಸೆನ್ಸ್ ಎರಡು ಮುಖ್ಯ ಆವೃತ್ತಿಗಳಿಗೆ ನಡೆಯುತ್ತದೆ. 7ರಲ್ಲಿ ಕೊಂಡರೆ 8 ಮುಗಿಯುವವರೆಗೂ ಮತ್ತೆ ಕೊಡಬೇಕಿಲ್ಲ. ಇಂಥ ಸ್ಪಷ್ಟ ಮಾತು ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗ ಹುಷಾರಾಗಿರಬೇಕಾದ ಕಡೆ. ಫೋಟೋ ಸಾಫ್ಟ್‌ವೇರ್ ಕ್ಯಾಪ್ಚರ್ ವನ್ 2023ರ ಫೆಬ್ರುವರಿಯಿಂದ ನಿಯಮ ಬದಲಾಯಿಸಿತು. ಒಮ್ಮೆ ಕೊಂಡವರಿಗೆ ಕೊಂಡ ದಿನ ಏನಿತ್ತೋ ಅದೇ. ಆಮೇಲೆ ತಪ್ಪುಗಳನ್ನು ಸರಿಪಡಿಸಿಕೊಡುತ್ತಾರೆ, ಹೊಸ ಸೌಲಭ್ಯ ಮಾತ್ರ ಚಂದಾದಾರರಿಗೆ. ಇದು ಮೋಸವೇನಲ್ಲ, ಮುಂಚೆಯೇ ಹೇಳಿದರು. ಆದರೂ ಫೋಟೋ ಸಾಫ್ಟ್‌ವೇರಿನಲ್ಲಿ ಇದಕ್ಕೆ ಒಂದು ಗೂಢಾರ್ಥ ಇರುತ್ತದೆ. ನಾಳೆ ನೀವು ಹೊಸ ಕ್ಯಾಮೆರಾ ಕೊಂಡರೆ ಅದರ ರಾ ಫೈಲ್ (ಕ್ಯಾಮೆರಾ ಕೊಡುವ ತಿದ್ದದ ಮೂಲ ಚಿತ್ರ) ಈ ನಿಂತುಹೋದ ಆವೃತ್ತಿಯಲ್ಲಿ ತೆರೆಯದೇ ಹೋಗಬಹುದು. ಕ್ಯಾಮೆರಾ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಕ್ಯಾಮೆರಾ ಕೊಳ್ಳಿ, ಆಮೇಲೆ ಸಾಫ್ಟ್‌ವೇರ್.

ಹಳೆಯದನ್ನೇ ಹಿಡಿದುಕೊಂಡು ಕೂರುವ ಯೋಚನೆಯಿದ್ದವರಿಗೂ ಒಂದು ಮಾತು. ಡಬ್ಬಿಯಲ್ಲಿ ಕೊಂಡದ್ದಾದರೂ ಕಂಪನಿಯ ಸರ್ವರ್ ‘ಹೌದು, ಇವರು ಹಣ ಕೊಟ್ಟಿದ್ದಾರೆ’ ಎಂದು ಹೇಳಬೇಕಿದ್ದರೆ, ಆ ಸರ್ವರ್ ಇರುವ ತನಕ ಮಾತ್ರ ಅದರ ಆಯುಸ್ಸು. ಅಡೋಬಿ ಸಿಎಸ್2ರ ಸರ್ವರ್ 2012ರ ಕೊನೆಗೆ ನಿಂತುಹೋಯಿತು. ಕೊಂಡಿದ್ದವರಿಗೆ ಸರ್ವರ್ ಬೇಡದ ಪ್ರತಿಯನ್ನು ಕಂಪನಿಯೇ ಕೊಡಬೇಕಾಯಿತು. ಲೈಟ್‌ರೂಮ್ 6 ಒಮ್ಮೆ ಕೊಳ್ಳುವ ಕೊನೆಯ ಲೈಟ್‌ರೂಮ್. ಅದರೊಳಗಿನ ನಕ್ಷೆ ಗೂಗಲ್‌ನಿಂದ ಬರುತ್ತಿತ್ತು. 2018ರ ನವೆಂಬರ್ 30ರ ನಂತರ ಅದು ಕೆಲಸ ಮಾಡಲಿಲ್ಲ. 2019ರಲ್ಲಿ ಬಂದ ಮ್ಯಾಕ್‌ಒಎಸ್ ಕ್ಯಾಟಲಿನಾ 32 ಬಿಟ್ ಎನ್ನುವ ಹಳೆಯ ಬಗೆಯ ಸಾಫ್ಟ್‌ವೇರುಗಳನ್ನೆಲ್ಲ ಒಂದೇ ಏಟಿಗೆ ಹೊರಗೆ ಹಾಕಿತು. ಹಾಗಾಗಿ ಹಳೆಯದನ್ನು ಓಡಿಸಬೇಕೆಂದರೆ ಹಳೆಯ ಕಂಪ್ಯೂಟರನ್ನೂ ಜೋಪಾನ ಮಾಡಬೇಕು. ಒಂದೆರಡು ವರ್ಷ ದೂಡುವುದಕ್ಕೆ ಸರಿ, ಹೊಟ್ಟೆಪಾಡಿಗೆ ನೆಚ್ಚಿಕೊಳ್ಳುವಂಥದ್ದಲ್ಲ.

ಗ್ರಾಹಕರ ಸಿಟ್ಟಿಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಧ್ವನಿ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪ್ಲಗ್‌ಇನ್ ಮಾಡುವ ವೇವ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ಇನ್ನು ಚಂದಾ ಮಾತ್ರ ಎಂದಿತು. ಸಂಗೀತದವರು ಸುಮ್ಮನಿರಲಿಲ್ಲ. ಒಂದು ವಾರದೊಳಗೆ ಕಂಪನಿ ಕ್ಷಮೆ ಕೇಳಿ ಒಮ್ಮೆ ಕೊಳ್ಳುವ ಆಯ್ಕೆಯನ್ನು ವಾಪಸ್ ತಂದಿತು.

ಪುಕ್ಕಟೆ ಕೊಡುವ ಕಂಪನಿಗಳು

ಅಫಿನಿಟಿಯ ಕಥೆ ಇಲ್ಲಿ ಹೇಳಲೇಬೇಕು. ಚಂದಾ ಬೇಡ ಎನ್ನುವವರ ಮೊದಲ ಆಸರೆ ಅದು. 2014ರಲ್ಲಿ ಗೆರೆಚಿತ್ರಕ್ಕೆ ‘ಡಿಸೈನರ್’, ಮರುವರ್ಷ ‘ಫೋಟೋ’, 2019ರಲ್ಲಿ ಪುಟ ವಿನ್ಯಾಸಕ್ಕೆ ‘ಪಬ್ಲಿಷರ್’. ಮೂರೂ ಒಮ್ಮೆ ಕೊಳ್ಳುವಂಥವು. 2024ರ ಮಾರ್ಚ್‌ನಲ್ಲಿ ಅದನ್ನು ಮಾಡುತ್ತಿದ್ದ ಸೆರಿಫ್ ಕಂಪನಿಯನ್ನು ಆನ್‌ಲೈನ್ ವಿನ್ಯಾಸದ ಕಂಪನಿ ಕ್ಯಾನ್ವಾ ಕೊಂಡುಕೊಂಡಿತು. ಇನ್ನು ಇದಕ್ಕೂ ಚಂದಾ ಬರುತ್ತದಾ ಎಂದು ಎಷ್ಟೋ ಜನರ ಎದೆ ಧಸಕ್ ಎಂದಿತು. 2025ರ ಅಕ್ಟೋಬರ್ ಕೊನೆಗೆ ಮೂರನ್ನೂ ಸೇರಿಸಿ ಒಂದೇ ಸಾಫ್ಟ್‌ವೇರ್ ಮಾಡಿ ಪುಕ್ಕಟೆ ಬಿಟ್ಟರು. ಕ್ಯಾನ್ವಾ ಖಾತೆ ಬೇಕು. ಎಐ ಸೌಲಭ್ಯಗಳಿಗೆ ಕ್ಯಾನ್ವಾದ ಚಂದಾ ಬೇಕು. ಉಳಿದದ್ದಕ್ಕೆ ದುಡ್ಡಿಲ್ಲ.

ಇದನ್ನು ಬಳಸಬೇಕಾ? ಬಳಸಿ. ಕೆಲಸಕ್ಕೆ ಗಟ್ಟಿಯಾದ ಸಾಫ್ಟ್‌ವೇರ್, ಪುಸ್ತಕ ವಿನ್ಯಾಸದಿಂದ ಫೋಟೋ ತಿದ್ದುವವರೆಗೆ ಒಂದೇ ಕಡೆ ಆಗುತ್ತದೆ. ಆದರೆ ನೀವು ಹಣ ಕೊಟ್ಟು ಕೊಂಡಿದ್ದರೆ ಕೇಳುವ ಹಕ್ಕು ಇರುತ್ತಿತ್ತು. ಪುಕ್ಕಟೆ ಸಿಕ್ಕಿದ್ದರ ನಿಯಮ ನಾಳೆ ಬದಲಾದರೆ ಕೇಳುವುದು ಏನನ್ನು? ನಿಮ್ಮ ಹತ್ತಿರ ಹಿಂದೆ ಕೊಂಡ 2ನೇ ಆವೃತ್ತಿ ಇದ್ದರೆ ಅದರ ಇನ್‌ಸ್ಟಾಲರನ್ನು ಅಳಿಸಬೇಡಿ.

ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯ ವಿಷಯದಲ್ಲಿ ನನಗೆ ಇಷ್ಟು ಅಳುಕಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಕ್ಯಾಮೆರಾ, ಯಂತ್ರಗಳನ್ನು ಮಾರಿ ಬದುಕುತ್ತದೆ. ಸಾಫ್ಟ್‌ವೇರ್ ಆ ಅಂಗಡಿಗೆ ಕರೆಯುವ ದಾರಿ. ಹೆಚ್ಚಿನವರ ವಿಡಿಯೋ ಕೆಲಸಕ್ಕೆ ಪುಕ್ಕಟೆಯದೇ ಸಾಕು. ಕತ್ತಲಲ್ಲಿ ತೆಗೆದ ದೃಶ್ಯದ ಚುಕ್ಕೆಚುಕ್ಕೆ ಕಾಳು ಅಳಿಸುವಂಥ ಕೆಲವು ಸೌಲಭ್ಯಕ್ಕೆ ಮಾತ್ರ ಸ್ಟುಡಿಯೋ ಬೇಕು. ಲಿನಕ್ಸ್ ಬಳಸುವವರು ಗಮನಿಸಿ: ಅಲ್ಲಿನ ಪುಕ್ಕಟೆ ಆವೃತ್ತಿ ಎಚ್.264 ವಿಡಿಯೋ ತೆಗೆದುಕೊಳ್ಳುವುದಿಲ್ಲ. ಫೋನಿನ ವಿಡಿಯೋ ಹಾಕಿದರೆ ಖಾಲಿ ಕಾಣುತ್ತದೆ.

ಯಾರ ಸ್ವತ್ತೂ ಅಲ್ಲದ ಸಾಫ್ಟ್‌ವೇರ್

ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಮಾಡುತ್ತಿದ್ದ ಕಂಪನಿ 2002ರಲ್ಲಿ ಬಾಗಿಲು ಹಾಕಿತು. ಬಳಕೆದಾರರು ಏಳು ವಾರಗಳಲ್ಲಿ 1 ಲಕ್ಷ ಯೂರೋ ಸೇರಿಸಿ ಅದರ ಸೋರ್ಸ್ ಕೋಡನ್ನೇ (ಸಾಫ್ಟ್‌ವೇರಿನ ಮೂಲ ಬರಹ) ಬಿಡಿಸಿಕೊಂಡರು. ಅವತ್ತಿನಿಂದ ಅದು ಎಲ್ಲರದು. ಅದರಲ್ಲೇ ತಯಾರಾದ ಒಂದು ಆನಿಮೇಷನ್ ಸಿನಿಮಾ 2025ರಲ್ಲಿ ಆಸ್ಕರ್ ಗೆದ್ದಿತು. ನನ್ನ ಅಳತೆಗೋಲಿನಲ್ಲಿ ಈ ಗುಂಪೇ ಮೊದಲು. ಬೀಗ ಹಾಕಲು ಇಲ್ಲಿ ಯಾರ ಕೈಯಲ್ಲೂ ಕೀಲಿ ಇಲ್ಲ.

ಆದರೆ ಎಲ್ಲ ಕೆಲಸಕ್ಕೂ ಒಂದೇ ಮಟ್ಟದಲ್ಲಿ ಇಲ್ಲ. ತ್ರೀಡಿಗೆ ಬ್ಲೆಂಡರ್ ಕಣ್ಣು ಮುಚ್ಚಿ ಆರಿಸಿ. ಚಿತ್ರ ಬಿಡಿಸುವುದಕ್ಕೆ ಕ್ರಿಟಾ ಬಹಳ ಚೆನ್ನಾಗಿದೆ, ಅಚ್ಚಿನ ಸಿಎಂವೈಕೆ ಬಣ್ಣದಲ್ಲೂ ಕೆಲಸ ಮಾಡುತ್ತದೆ. ಲೋಗೋ, ಗೆರೆಚಿತ್ರಕ್ಕೆ ಇಂಕ್‌ಸ್ಕೇಪ್ ಸಾಕು, ಅಚ್ಚಿಗೆ ಕಳಿಸುವಾಗ ಬಣ್ಣದ ವಿಷಯದಲ್ಲಿ ತೊಡಕು. ಫೋಟೋ ತಿದ್ದಲು ಗಿಂಪ್. 2025ರ ಮಾರ್ಚ್‌ನಲ್ಲಿ ಬಂದ ಅದರ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಹಿಂದಕ್ಕೆ ಹೋಗಿ ಬದಲಾಯಿಸಬಹುದು. ಎಷ್ಟೋ ವರ್ಷದಿಂದ ಜನ ಕೇಳುತ್ತಿದ್ದ ಸೌಲಭ್ಯ. ಫೋಟೋಶಾಪ್‌ನಲ್ಲಿ ಕೈ ಪಳಗಿದವರಿಗೆ ಮೊದಲ ಎರಡು ವಾರ ಸಿಟ್ಟು ಬರುತ್ತದೆ. ಬೆರಳು ಹಳೆಯ ಕೀಲಿಯನ್ನೇ ಒತ್ತುತ್ತಿರುತ್ತದೆ. ಆ ಎರಡು ವಾರವನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಿ.

ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಅಚ್ಚಿನ ಪಿಡಿಎಫ್ ಚೆನ್ನಾಗಿ ಕೊಡುತ್ತದೆ, ಆದರೆ ಕೈ ಕೂರಲು ಸಮಯ ಬೇಕು. ಯಾವುದನ್ನೇ ಆರಿಸಿದರೂ ಕನ್ನಡದಲ್ಲಿ ಕೆಲಸ ಮಾಡುವವರು ಮೊದಲ ದಿನವೇ ‘ಸ್ವಾತಂತ್ರ್ಯ’, ‘ಸೂರ್ಯ’ ಎಂದು ಟೈಪ್ ಮಾಡಿ ನೋಡಿ. ಒತ್ತು ಚೆದುರಿದರೆ ಉಳಿದ ಸೌಲಭ್ಯ ಎಷ್ಟಿದ್ದರೂ ಏನು ಬಂತು?

ಬಿಡುವ ಮುಂಚೆ ಫೈಲ್ ಬಿಡಿಸಿಕೊಳ್ಳಿ

ಇದೇ ನಿಜವಾದ ಕೆಲಸ. ಚಂದಾ ಜೀವಂತ ಇರುವಾಗಲೇ ಮಾಡಬೇಕು, ಆಮೇಲೆ ಬಾಗಿಲು ಮುಚ್ಚಿರುತ್ತದೆ.

ಇನ್‌ಡಿಸೈನ್ ಫೈಲುಗಳನ್ನು ಒಂದೊಂದಾಗಿ ತೆರೆದು ಐಡಿಎಂಎಲ್ ರೂಪದಲ್ಲಿ ಉಳಿಸಿ. ಅಫಿನಿಟಿ, ಸ್ಕ್ರೈಬಸ್ ಎರಡೂ ಅದನ್ನು ಓದುತ್ತವೆ. ಸಾಲು ಅಲ್ಲಲ್ಲಿ ಜಾರುತ್ತದೆ, ಅದಕ್ಕೇ ಪಕ್ಕದಲ್ಲಿ ಒಂದು ಪಿಡಿಎಫ್ ಇರಲಿ, ಮೂಲ ಹೇಗಿತ್ತು ಎಂದು ನೋಡಿಕೊಂಡು ಸರಿ ಮಾಡಬಹುದು. ಗೆರೆಚಿತ್ರದ ಇಲ್ಲಸ್ಟ್ರೇಟರ್ ಫೈಲನ್ನು ಪಿಡಿಎಫ್ ಹೊಂದಾಣಿಕೆಯ ಗುರುತು ಹಾಕಿ ಉಳಿಸಿದರೆ ಬೇರೆ ಕಡೆ ತೆರೆಯುತ್ತದೆ. ಫೋಟೋಶಾಪ್‌ನ ಪಿಎಸ್‌ಡಿಯನ್ನು ಕ್ರಿಟಾ, ಗಿಂಪ್, ಬ್ರೌಸರಿನಲ್ಲೇ ಓಡುವ ಫೋಟೋಪಿಯಾ ಎಲ್ಲವೂ ತೆರೆಯುತ್ತವೆ. ಪದರಗಳು ಬರುತ್ತವೆ. ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಕೆಡದಂತೆ ಒಳಗೆ ಇಟ್ಟ ಚಿತ್ರ), ತಿದ್ದಬಲ್ಲ ಅಕ್ಷರ ಇವು ಕೆಲವೊಮ್ಮೆ ಬರೀ ಚಿತ್ರವಾಗಿಬಿಡುತ್ತವೆ.

ಲೈಟ್‌ರೂಮ್‌ನಲ್ಲಿ ಹೆಚ್ಚು ಜನ ಎಡವುತ್ತಾರೆ. ನಕ್ಷತ್ರದ ಗುರುತು, ಕೀವರ್ಡ್ ಬೇರೆ ಸಾಫ್ಟ್‌ವೇರಿಗೆ ಹೋಗುತ್ತವೆ. ನೀವು ಮಾಡಿದ ಬೆಳಕು ಬಣ್ಣದ ತಿದ್ದುಪಡಿ ಹಾಗೇ ಹೋಗುವುದಿಲ್ಲ, ಏಕೆಂದರೆ ಆ ಅಂಕಿಗಳ ಅರ್ಥ ಲೈಟ್‌ರೂಮ್‌ಗೆ ಮಾತ್ರ ಗೊತ್ತು. ಹತ್ತು ಸಾವಿರ ಫೋಟೋ ಇದ್ದರೆ ಎಲ್ಲವನ್ನೂ ಎಳೆಯಬೇಡಿ. ಮತ್ತೆ ಬೇಕಾಗುವ ಐನೂರನ್ನು ಆರಿಸಿ, 16 ಬಿಟ್ ಟಿಫ್ (ಗುಣ ಕೆಡದ ಚಿತ್ರದ ರೂಪ) ಮಾಡಿ ಇಡಿ.

ಅಡೋಬಿಯ ವಿಡಿಯೋ ಸಾಫ್ಟ್‌ವೇರ್ ಪ್ರೀಮಿಯರ್‌ನ ಟೈಮ್‌ಲೈನ್ (ದೃಶ್ಯಗಳ ಜೋಡಣೆ) ಎಕ್ಸ್‌ಎಂಎಲ್ ಫೈಲ್ ಮೂಲಕ ರಿಸಾಲ್ವ್‌ಗೆ ಬರುತ್ತದೆ, ಕತ್ತರಿಸಿದ ಜಾಗಗಳು ಸರಿಯಾಗಿ, ಎಫೆಕ್ಟ್‌ಗಳು ಅರೆಬರೆಯಾಗಿ. ರಿಸಾಲ್ವ್‌ಗೆ ಹೋದ ಮೇಲೂ ಒಂದು ಎಚ್ಚರ ಬೇಕು. ಅದು ಪ್ರಾಜೆಕ್ಟನ್ನು ಫೈಲ್ ಆಗಿ ಇಡುವುದಿಲ್ಲ, ಡೇಟಾಬೇಸ್ ಒಳಗೆ ಇಡುತ್ತದೆ. ಆಗಾಗ ಹೊರಗೆ ಎಕ್ಸ್‌ಪೋರ್ಟ್ ಮಾಡಿ ಬ್ಯಾಕಪ್ ಇಟ್ಟುಕೊಳ್ಳಿ.

ಹಾಗಾದರೆ ನಿಮಗೆ ಯಾವುದು

ತಂಡದ ಜೊತೆ ದಿನಾ ಫೈಲ್ ಹಂಚಿಕೊಳ್ಳುವವರು ಚಂದಾ ಬಿಡಬೇಡಿ, ಆದರೆ ಮುಗಿದ ಕೆಲಸವನ್ನೆಲ್ಲ ಮೇಲೆ ಹೇಳಿದ ರೂಪಗಳಲ್ಲೂ ಉಳಿಸಿ. ಒಬ್ಬರೇ ವಿಡಿಯೋ ಮಾಡುವವರು ರಿಸಾಲ್ವ್ ಹಿಡಿಯಿರಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಚಿತ್ರ ಬಿಡಿಸುವವರಿಗೆ ಕ್ರಿಟಾ ಅಥವಾ ಪ್ರೊಕ್ರಿಯೇಟ್. ಪುಸ್ತಕ, ಕರಪತ್ರ ಮಾಡುವವರು ಅಫಿನಿಟಿಯನ್ನು ಒಂದು ಸಣ್ಣ ಕೆಲಸದಲ್ಲಿ ಪರೀಕ್ಷಿಸಿ. ಫೋಟೋದವರ ಆಯ್ಕೆಯೇ ಕಷ್ಟದ್ದು. ಹಳೆಯ ತಿದ್ದುಪಡಿಗಳ ಗಂಟು ದೊಡ್ಡದಿದ್ದರೆ ಲೈಟ್‌ರೂಮ್ ಬಿಡುವ ನೋವು ಚಂದಾದ ನೋವಿಗಿಂತ ಜಾಸ್ತಿ ಆಗಬಹುದು. ಹೊಸದಾಗಿ ಶುರು ಮಾಡುವವರಿಗೆ ಆ ಗಂಟೇ ಇಲ್ಲ, ಅವರು ಮೊದಲ ದಿನವೇ ಬೇರೆ ದಾರಿ ಹಿಡಿಯಬಹುದು.

ಒಂದೇ ದಿನಕ್ಕೆ ಕತ್ತರಿಸಿಕೊಂಡು ಹೋಗಬೇಡಿ. ಹೊಸ ಕೆಲಸ ಹೊಸ ಸಾಫ್ಟ್‌ವೇರಿನಲ್ಲಿ ಶುರು ಮಾಡಿ, ಕೈಯಲ್ಲಿರುವ ಹಳೆಯದನ್ನು ಹಳೆಯದರಲ್ಲೇ ಮುಗಿಸಿ. ಇವತ್ತೇ ನಿಮ್ಮ ಖಾತೆ ತೆರೆದು ಚಂದಾ ಯಾವ ಬಗೆಯದು, ನವೀಕರಣ ಯಾವ ದಿನ ಎಂದು ನೋಡಿ. ಆ ದಿನಕ್ಕಿಂತ ಆರು ವಾರ ಮುಂಚೆ ಫೋನಿನಲ್ಲಿ ಒಂದು ಅಲಾರಂ ಇಡಿ. ಫೈಲ್ ಹೊರಗೆ ತೆಗೆಯುವುದಕ್ಕೆ ಅಷ್ಟು ಸಮಯ ಬೇಕೇ ಬೇಕು. ನನಗೆ ನಾಲ್ಕು ಭಾನುವಾರ ಹಿಡಿಯಿತು.